ಕೋಶಗತಿಯೂ ಕಾರಣವಿಚಾರವೂ

ಜೀವಕೋಶಗಳು ತಮ್ಮ ಸುತ್ತಣ ದ್ರವದಲ್ಲಿ ಕರಗಿರುವ ರಾಸಾಯನಿಕ ದ್ರವ್ಯಗಳ ತಾರತಮ್ಯವನ್ನು ಗ್ರಹಿಸಿ, ದ್ರವ್ಯವು ಹೆಚ್ಚಾಗಿರುವ ದಿಕ್ಕಿಗೆ ಚಲಿಸುವುವೆಂಬ ಸಂಗತಿಯು ನೂರನಾಲ್ವತ್ತು ವರ್ಷಗಳಿಂದ ವಿದ್ವಾಂಸರಿಗೆ ತಿಳಿದಿದೆ. ಈ ಚಲನೆಯನ್ನು ಕೋಶದೊಳಗಣ ಸಂಕೇತವಾಹಕ ಪ್ರೋಟೀನುಗಳು ನಿಯಂತ್ರಿಸುತ್ತವೆ ಎಂಬ ವಾಕ್ಯವು ಈ ವಿಷಯದ ಗ್ರಂಥಗಳಲ್ಲೆಲ್ಲ ಕಾಣಬರುತ್ತದೆ. ವಾಕ್ಯವೇನೋ ಸರಳವಾಗಿದೆ, ಅದರ ಕ್ರಿಯಾಪದವು ಮಾತ್ರ ಸರಳವಾದುದಲ್ಲ. ನಿಯಂತ್ರಿಸುವುದೆಂದರೆ ಏನು? ಇಲ್ಲದುದನ್ನು ಹುಟ್ಟಿಸುವುದೇ, ಇರುವುದನ್ನು ಪ್ರೇರಿಸುವುದೇ, ಅಥವಾ ತಾನಾಗಿ ನಡೆಯುವ ಹಲವು ವ್ಯಾಪಾರಗಳಲ್ಲಿ ಒಂದನ್ನು ಉಳಿಸಿ ಮಿಕ್ಕುವನ್ನು ನಿವಾರಿಸುವುದೇ? ಈ ಪ್ರಶ್ನೆಗೆ ಉತ್ತರ ಕೊಡದೆ ಬರೆದ ವಿವರಣೆಗಳು ಓದುಗನಿಗೆ ಚಿತ್ರವನ್ನು ಕೊಡುತ್ತವೆ, ಜ್ಞಾನವನ್ನು ಕೊಡುವುದಿಲ್ಲ.

ಈ ಲೇಖಕನು ಪ್ರಯೋಗಶಾಲೆಯಲ್ಲಿ ಶಿಕ್ಷಣ ಪಡೆದವನಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಮೀಮಾಂಸೆಗಳನ್ನು ಓದಿದವನು. ಪ್ರಯೋಗದ ಕೈಚಳಕವನ್ನು ಅಳೆಯುವ ಅಧಿಕಾರ ಅವನಿಗಿಲ್ಲ. ಆದರೆ ಪ್ರಯೋಗದಿಂದ ಕಾರಣವನ್ನು ಸಾಧಿಸುವ ಅನುಮಾನವು ಸದನುಮಾನವೇ, ಆಭಾಸವೇ ಎಂದು ಕೇಳುವ ಅಧಿಕಾರವು ಪ್ರಮಾಣಶಾಸ್ತ್ರವನ್ನು ಓದಿದ ಯಾರಿಗಾದರೂ ಉಂಟು. ಈ ಕ್ಷೇತ್ರದ ವಿದ್ವಾಂಸರು ಕಳೆದ ಕೆಲವು ದಶಕಗಳಲ್ಲಿ ಒಂದು ಕಾರಣವನ್ನು ಸ್ಥಾಪಿಸಿ, ತಾವೇ ಅದನ್ನು ಕದಲಿಸಿ, ಮತ್ತೆ ಅದರ ಸ್ಥಾನವನ್ನು ನಿರ್ಣಯಿಸಿದ ಬಗೆಯು ನಮ್ಮ ನೈಯಾಯಿಕರ ವಾದಗಳಿಗೆ ಎಷ್ಟು ಸಮೀಪವಾಗಿದೆಯೆಂದರೆ, ಅದನ್ನು ನಮ್ಮ ಪರಿಭಾಷೆಯಲ್ಲಿ ವಿಮರ್ಶಿಸದೆ ಬಿಡುವುದು ಉಪೇಕ್ಷೆಯೇ ಸರಿ.

ಮೊದಲು ವಸ್ತುಸ್ಥಿತಿ. ಜರ್ಮನ್ ಸಸ್ಯಶಾಸ್ತ್ರಜ್ಞ ಫೆಫರ್ ೧೮೮೪ರಲ್ಲಿ ಜರೀಗಿಡಗಳ ಪುಂಬೀಜಗಳು ಮ್ಯಾಲಿಕ್ ಆಮ್ಲದ ಕಡೆಗೆ ಈಜುವುದನ್ನು ವರ್ಣಿಸಿದನು. ೧೮೮೮ರಲ್ಲಿ ಲೇಬರ್ ಎಂಬ ನೇತ್ರವೈದ್ಯನು ಮೊಲದ ಕಣ್ಣಿನ ಉರಿಯೂತದಲ್ಲಿ ಬಿಳಿಯ ರಕ್ತಕಣಗಳು ಸೋಂಕಿನ ಕಡೆಗೆ ಹರಿಯುವುದನ್ನು ಕಂಡನು. ಆದರೆ ಈ ವಿದ್ಯೆಗೆ ನಿಜವಾದ ಪ್ರಯೋಗಪಶುವಾಗಿ ಬಂದುದು ಮಣ್ಣಿನಲ್ಲಿ ವಾಸಿಸುವ ಒಂದು ಜಾತಿಯ ಅಮೀಬ. ಡಿಕ್ಟಿಯೋಸ್ಟೀಲಿಯಂ ಎಂಬುದು ಅದರ ಕುಲನಾಮ. ಇಂದು ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಬಳಕೆಯಲ್ಲಿರುವ ಜಾತಿಯನ್ನು ರೇಪರ್ ಎಂಬವರು ೧೯೩೫ರಲ್ಲಿ ವರ್ಣಿಸಿದರು. ಆಹಾರವಿರುವಾಗ ಈ ಅಮೀಬಗಳು ಒಂಟಿಯಾಗಿ ಬ್ಯಾಕ್ಟೀರಿಯಗಳನ್ನು ತಿಂದು ಬದುಕುತ್ತವೆ. ಆಹಾರ ಮುಗಿದಾಗ ಲಕ್ಷದವರೆಗಿನ ಸಂಖ್ಯೆಯಲ್ಲಿ ಒಂದೆಡೆಗೆ ಹರಿದುಬಂದು, ಕೂಡಿ, ಒಂದೇ ದೇಹವಾಗಿ, ಕಾಂಡವನ್ನೂ ಅದರ ತುದಿಯಲ್ಲಿ ಬೀಜಾಣುಗಳ ಗುಂಡನ್ನೂ ನಿರ್ಮಿಸುತ್ತವೆ. ಸುಮಾರು ಐದನೆಯ ಒಂದು ಪಾಲು ಕಾಂಡವಾಗಿ ಸಾಯುತ್ತದೆ. ಮಿಕ್ಕುದು ಬೀಜಾಣುವಾಗಿ ಉಳಿಯುತ್ತದೆ.

ಇವು ಯಾವುದನ್ನು ಅನುಸರಿಸಿ ಕೂಡುತ್ತವೆ ಎಂಬುದಕ್ಕೆ ಬಾನರ್ ಎಂಬ ವಿದ್ವಾಂಸರು ೧೯೪೭ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈಗಲೂ ಆದರ್ಶಪ್ರಾಯವಾಗಿದೆ. ಅಮೀಬಗಳ ಮೇಲೆ ನೀರು ಮೆಲ್ಲನೆ ಹರಿಯುವಂತೆ ಮಾಡಿದರು. ಕೂಡುವ ಕೇಂದ್ರದಿಂದ ಪ್ರವಾಹದ ಕೆಳಗಡೆ ಇದ್ದ ಅಮೀಬಗಳು ದೂರದಿಂದಲೂ ಕೇಂದ್ರದ ಕಡೆಗೆ ತಿರುಗಿದುವು. ಮೇಲ್ಗಡೆ ಇದ್ದುವು ದಿಕ್ಕುಗಾಣದೆ ಅಲೆದುವು. ಕೇಂದ್ರದಿಂದ ಹೊರಟು ನೀರಿನೊಡನೆ ಸಾಗುವ ಒಂದು ದ್ರವ್ಯವಲ್ಲದೆ ಮತ್ತಾವುದರಿಂದಲೂ ಈ ಭೇದವು ಉಪಪನ್ನವಾಗದು. ಒಂದೇ ಪರೀಕ್ಷೆಯಲ್ಲಿ ಅನ್ವಯ ವ್ಯತಿರೇಕಗಳೆರಡೂ ಪಕ್ಕಪಕ್ಕದಲ್ಲಿ ನಿಂತಿವೆ. ಆ ದ್ರವ್ಯಕ್ಕೆ ಅವರು ಅಕ್ರಾಸಿನ್ ಎಂದು ಹೆಸರಿಟ್ಟರು. ಇಂಗ್ಲಿಷ್ ಕವಿ ಸ್ಪೆನ್ಸರನ ಕಾವ್ಯದಲ್ಲಿ ಗಂಡಸರನ್ನು ಮರುಳುಗೊಳಿಸಿ ಮೃಗಗಳನ್ನಾಗಿ ಮಾಡುವ ಅಕ್ರೇಸಿಯಾ ಎಂಬ ಮಾಯಾವಿನಿಯ ನೆನಪು ಆ ಹೆಸರಿನಲ್ಲಿ ಸೇರಿದೆ. (ವಿಜ್ಞಾನಿಗಳಿಗೆ ಕಾವ್ಯಾಭಿರುಚಿಯಿಲ್ಲವೆಂದು ದೂರುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.) ಇಪ್ಪತ್ತು ವರ್ಷಗಳ ತರುವಾಯ, ೧೯೬೭ರಲ್ಲಿ, ಅದು ಸೈಕ್ಲಿಕ್ ಎ.ಎಂ.ಪಿ. ಎಂಬ ಸಣ್ಣ ಅಣುವೆಂದು ನಿರ್ಣಯವಾಯಿತು.

ಇನ್ನು ಕೋಶದೊಳಗಣ ವ್ಯಾಪಾರ. ಸಂಕೇತದ್ರವ್ಯವು ಕೋಶಪೊರೆಯ ಮೇಲಣ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಗ್ರಾಹಕವು ಒಳಗಡೆ ಜಿ-ಪ್ರೋಟೀನು ಎಂಬುದನ್ನು ಎಚ್ಚರಿಸುತ್ತದೆ. ಅದರಿಂದ ರಾಸ್ ಎಂಬ ಪ್ರೋಟೀನೂ, ಅದರಿಂದ ಪಿಐ೩-ಕೈನೇಸ್ ಎಂಬ ಕಿಣ್ವವೂ ಉದ್ಯುಕ್ತವಾಗುತ್ತವೆ. ಈ ಕಿಣ್ವವು ಪೊರೆಯ ಒಳಮೈಯಲ್ಲಿರುವ ಒಂದು ಬಗೆಯ ಕೊಬ್ಬಿನ ಅಣುವಿಗೆ ರಂಜಕದ ಗುಂಪೊಂದನ್ನು ಸೇರಿಸಿ ಪಿಐಪಿ೩ ಎಂಬುದನ್ನು ಮಾಡುತ್ತದೆ. ಪಿಟೆನ್ ಎಂಬ ಇನ್ನೊಂದು ಕಿಣ್ವವು ಆ ಗುಂಪನ್ನು ಕಿತ್ತುಹಾಕಿ ಮೊದಲಿನಂತೆ ಮಾಡುತ್ತದೆ. ಪಿಐಪಿ೩ ಇರುವೆಡೆಗೆ ಬೇರೆ ಪ್ರೋಟೀನುಗಳು ಬಂದು ಸೇರುತ್ತವೆ. ರಾಕ್ ಎಂಬ ಪ್ರೋಟೀನು ಎಚ್ಚರಗೊಂಡು, ಆರ್ಪ್ ೨/೩ ಎಂಬ ಕೂಟದ ಮೂಲಕ ಆಕ್ಟಿನ್ ಎಳೆಗಳು ಕವಲೊಡೆದು ಬೆಳೆಯುವಂತೆ ಮಾಡುತ್ತದೆ. ಆ ಎಳೆಗಳು ಪೊರೆಯನ್ನು ಮುಂದಕ್ಕೆ ತಳ್ಳಿದಾಗ ಮಿಥ್ಯಾಪಾದವು ಹೊರಡುತ್ತದೆ. ಹಿಂದುಗಡೆ ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಬಲೆಯನ್ನು ಹಿಂಡಿ ದೇಹವನ್ನು ಎಳೆಯುತ್ತದೆ. ಸಸ್ತನಿಗಳಲ್ಲಿ ಈ ಹಿಂಡುವಿಕೆಗೆ ರೋ ಎಂಬ ಪ್ರೋಟೀನು ಪ್ರೇರಕ. ರಾಕ್ ಪೊರೆಯನ್ನು ಉಬ್ಬಿಸುತ್ತದೆ, ರೋ ಎಳೆಗಳನ್ನು ಬಿಗಿಯುತ್ತದೆ ಎಂಬುದನ್ನು ರಿಡ್ಲಿ, ಹಾಲ್ ಇವರು ೧೯೯೨ರಲ್ಲಿ ತೋರಿಸಿದರು. ಇವೆರಡೂ ಪರಸ್ಪರ ವಿರೋಧಿಗಳು. ಆದರೆ ಸುಂದೋಪಸುಂದರಂತೆ ಹೊಡೆದಾಡಿ ಸಾಯದೆ, ಒಂದು ಮುಂದಣ ಪಾಲನ್ನೂ ಇನ್ನೊಂದು ಹಿಂದಣ ಪಾಲನ್ನೂ ಹಂಚಿಕೊಂಡು ಬಾಳುತ್ತವೆ. ಕೋಶಕ್ಕೆ ಮುಖ ಬೆನ್ನುಗಳೆಂಬ ಭೇದವು ಈ ಹಂಚಿಕೆಯಿಂದಲೇ ಬಂದುದು.

ಇದು ಪಾಠಪುಸ್ತಕಗಳ ಸೋಪಾನಕ್ರಮ. ಇದರಲ್ಲಿ ದಿಕ್ಕು ಎಲ್ಲಿ ಹುಟ್ಟುತ್ತದೆ ಎಂಬುದೇ ವಿವಾದಸ್ಥಾನ. ಜಿಗ್ಮಂಡ್ ಎಂಬ ವಿದುಷಿಯು ೧೯೭೭ರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳನ್ನು ಪರೀಕ್ಷಿಸಿ, ಕೋಶದ ಒಂದು ಮಗ್ಗುಲಿಗೂ ಇನ್ನೊಂದಕ್ಕೂ ಸಂಕೇತದ್ರವ್ಯದ ಸಾಂದ್ರತೆಯಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಅವು ದಿಕ್ಕನ್ನು ಹಿಡಿಯಬಲ್ಲವೆಂದು ತೋರಿಸಿದರು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವು ಎಲ್ಲಿಯೋ ಒಂದೆಡೆ ದೊಡ್ಡದಾಗಬೇಕು. ಗ್ರಾಹಕಗಳು ಮುಂದುಗಡೆ ಗುಂಪುಗೂಡುತ್ತವೆಯೇ ಎಂದು ನೋಡಿದರೆ, ಇಲ್ಲ. ಚಲಿಸುವ ಅಮೀಬದಲ್ಲಿ ಅವು ಪೊರೆಯ ತುಂಬ ಸಮವಾಗಿ ಹರಡಿರುವುದು ೧೯೯೭ರಲ್ಲಿ ಕಂಡಿತು. ಮರುವರ್ಷ ಪೇರೆಂಟ್, ಡೆವ್ರಿಯೋಟಿಸ್ ಮತ್ತು ಅವರ ಸಹಕಾರಿಗಳು, ಪಿಐಪಿ೩ಕ್ಕೆ ಅಂಟುವ ಪ್ರೋಟೀನೊಂದಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸಿ ನೋಡಿದರು. ಸಂಕೇತದ ಕಡೆಯ ಅಂಚಿನಲ್ಲಿ ಮಾತ್ರ ಬಿದಿಗೆಯ ಚಂದ್ರನಂತೆ ಹಸಿರು ಗೆರೆ ಹೊಳೆಯಿತು. ಔಷಧದಿಂದ ಆಕ್ಟಿನ್ ಎಳೆಗಳನ್ನು ಕೆಡಿಸಿ ಕೋಶವನ್ನು ನಿಶ್ಚಲವಾದ ಗುಂಡಾಗಿ ಮಾಡಿದರೂ ಆ ಗೆರೆಯು ಅಲ್ಲಿಯೇ ಇತ್ತು. ಎಂದಮೇಲೆ ಅದು ಚಲನೆಯ ಫಲವಲ್ಲ, ಚಲನೆಗೆ ಪೂರ್ವದಲ್ಲಿರುವುದು. ಪಿಐಪಿ೩ವೇ ಕೋಶದ ದಿಕ್ಸೂಚಿಯೆಂಬ ಮತವು ಇಲ್ಲಿಂದ ಪ್ರಬಲವಾಯಿತು. ಮುಂದಣ ಹತ್ತು ವರ್ಷ ಆ ಮತವೇ ಸಿದ್ಧಾಂತದಂತೆ ನಡೆಯಿತು.

ಈಗ ಇದನ್ನು ನಮ್ಮ ಒರೆಗಲ್ಲಿಗೆ ಹಚ್ಚೋಣ. ಕಾರ್ಯಕ್ಕೆ ನಿಯಮದಿಂದ ಪೂರ್ವದಲ್ಲಿರುವುದೂ, ಅನ್ಯಥಾಸಿದ್ಧವಲ್ಲದುದೂ ಕಾರಣವೆಂಬುದು ನ್ಯಾಯಶಾಸ್ತ್ರದ ಲಕ್ಷಣ. ಹಸಿರು ಗೆರೆಯ ಪ್ರಯೋಗದಿಂದ ಪೂರ್ವವರ್ತಿತ್ವವು ಸಿದ್ಧಿಸಿತು. ಇದರಲ್ಲಿ ಸಂಶಯವಿಲ್ಲ, ಎಳೆಗಳನ್ನು ಕೆಡಿಸಿ ನೋಡಿದುದು ಶ್ಲಾಘ್ಯವಾದ ಎಚ್ಚರಿಕೆ. ಆದರೆ ಮಿಕ್ಕ ಎರಡು ವಿಶೇಷಣಗಳು ಸಿದ್ಧಿಸಲಿಲ್ಲ. ಮಣ್ಣು ಹೊತ್ತು ತಂದ ಕತ್ತೆಯೂ ಆ ಮಡಕೆಗೆ ಪೂರ್ವವರ್ತಿಯೇ. ಕುಂಬಾರನ ತಂದೆಯಂತೂ ಅವನು ಮಾಡುವ ಎಲ್ಲ ಮಡಕೆಗಳಿಗೂ ಪೂರ್ವವರ್ತಿ. ಗ್ರಾಹಕವು ಎಚ್ಚರಗೊಂಡಾಗ ಒಳಗೆ ಹತ್ತಾರು ವ್ಯಾಪಾರಗಳು ಒಟ್ಟಿಗೆ ಹೊರಡುತ್ತವೆ. ಅವೆಲ್ಲಕ್ಕೂ ಮುಂದಣ ಅಂಚೇ ಆಶ್ರಯವಾಗಿದ್ದರೆ, ಅವುಗಳಲ್ಲಿ ಹೊಳೆಯುವ ಬಣ್ಣ ಹಚ್ಚಿದುದು ಯಾವುದೋ ಅದೇ ಕಾರಣವೆಂದು ತೋರುವುದು ಸಹಜ. ಇದು ಕಣ್ಣಿಗೆ ಕಂಡುದರ ಮೇಲಣ ಪಕ್ಷಪಾತವಲ್ಲದೆ ಅನುಮಾನವಲ್ಲ.

೨೦೦೨ರಲ್ಲಿ ವ್ಯತಿರೇಕಪರೀಕ್ಷೆಯೂ ಆಯಿತೆಂದು ಹೇಳಬಹುದು. ಪಿಟೆನ್ ಇಲ್ಲದ ಅಮೀಬಗಳನ್ನು ಮಾಡಿ ನೋಡಿದಾಗ ಪಿಐಪಿ೩ವು ಅಂಚನ್ನು ಮೀರಿ ಸುತ್ತಲೂ ಹರಡಿತು, ಗತಿಯೂ ಕೆಟ್ಟಿತು. ಆದರೆ ಇದು ನಿಜವಾಗಿ ವ್ಯತಿರೇಕವೇ? ಕಾರಣದ ಅಭಾವದಲ್ಲಿ ಕಾರ್ಯದ ಅಭಾವವನ್ನು ತೋರಿಸುವುದು ವ್ಯತಿರೇಕ. ಇಲ್ಲಿ ಕಾರಣವೆಂದು ಹೇಳಿದುದರ ಅಭಾವವಿಲ್ಲ, ಅತಿಶಯವಿದೆ. ದೀಪದ ಎಣ್ಣೆಯನ್ನು ನೆಲದ ತುಂಬ ಚೆಲ್ಲಿ ಕಾಲು ಜಾರಿತೆಂದರೆ, ದಾರಿ ಕಾಣುವುದಕ್ಕೆ ದೀಪವು ಅವಶ್ಯವೆಂಬುದು ಅದರಿಂದ ಸಿದ್ಧವಾಗದು. ಅತಿಶಯದಿಂದ ಉಂಟಾದ ಕೆಡುಕು ಪ್ರತಿಬಂಧಕವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ.

ನಿಜವಾದ ವ್ಯತಿರೇಕವು ೨೦೦೭ರಲ್ಲಿ ಬಂತು. ಹೋಲರ್ ಮತ್ತು ಕೇ ಎಂಬ ವಿದ್ವಾಂಸರು ಅಮೀಬದಲ್ಲಿರುವ ಈ ಬಗೆಯ ಐದು ಪಿಐ೩-ಕೈನೇಸುಗಳನ್ನೂ ತೆಗೆದುಹಾಕಿದರು. ಅಂಚಿನ ಗೆರೆಯು ಹೊಳೆಯುವುದಕ್ಕೆ ಪಿಐಪಿ೩ದ ತಾರತಮ್ಯವೇ ಇಲ್ಲವಾಯಿತು. ಆದರೂ ಆ ಅಮೀಬಗಳು ಸೈಕ್ಲಿಕ್ ಎ.ಎಂ.ಪಿ.ಯ ಕಡೆಗೆ ದಿಕ್ಕುತಪ್ಪದೆ ನಡೆದುವು. ಕಾರಣವೆಂದುದು ಇಲ್ಲದಿದ್ದರೂ ಕಾರ್ಯವಿದೆ, ಇದು ವ್ಯತಿರೇಕವ್ಯಭಿಚಾರ. ದಿಕ್ಸೂಚಿಯನ್ನು ಕಿತ್ತೆಸೆದ ಹಡಗು ಬಂದರನ್ನು ಸೇರಿತೆಂದಂತೆ.

ಕೆಲವರು ಇಲ್ಲಿಗೆ ವಾದವನ್ನು ಮುಗಿಸಿ, ಪಿಐಪಿ೩ವು ಕತ್ತೆಯ ಪಂಕ್ತಿಗೆ ಸೇರಿತೆಂದರು. ಈ ಲೇಖಕನಿಗೆ ಅದು ಅವಸರವೆಂದು ತೋರುತ್ತದೆ. ನಮ್ಮಲ್ಲಿ ತೃಣಾರಣಿಮಣಿನ್ಯಾಯವೆಂಬುದೊಂದುಂಟು. ಬೆಂಕಿಯು ಹುಲ್ಲಿನಿಂದಲೂ ಹುಟ್ಟುತ್ತದೆ, ಅರಣಿಯನ್ನು ಕಡೆದರೂ ಹುಟ್ಟುತ್ತದೆ, ಸೂರ್ಯಕಾಂತಮಣಿಯಿಂದಲೂ ಹುಟ್ಟುತ್ತದೆ. ಹುಲ್ಲಿಲ್ಲದೆಯೂ ಬೆಂಕಿ ಹುಟ್ಟಿತೆಂಬುದರಿಂದ ಹುಲ್ಲು ಕಾರಣವಲ್ಲವೆಂದು ಹೇಳಲಾದೀತೆ? ಇದಕ್ಕೆ ಪರಿಹಾರವನ್ನು ಹೇಳಿದ ನೈಯಾಯಿಕರು ಫಲದಲ್ಲಿಯೇ ವೈಜಾತ್ಯವನ್ನು ಒಪ್ಪಿದರು: ಹುಲ್ಲಿನಿಂದ ಹುಟ್ಟಿದ ಬೆಂಕಿಯು ಒಂದು ಜಾತಿ, ಅರಣಿಯದು ಇನ್ನೊಂದು, ಮಣಿಯದು ಮತ್ತೊಂದು, ಒಂದೊಂದು ಜಾತಿಗೂ ಅದರದರ ಕಾರಣವು ನಿಯತವೇ. ವಿದ್ಯಾರ್ಥಿದೆಸೆಯಲ್ಲಿ ನಮಗೆಲ್ಲ ಇದು ವ್ಯಭಿಚಾರದೋಷದಿಂದ ಪಾರಾಗಲು ಕಲ್ಪಿಸಿದ ಉಪಾಯದಂತೆ ತೋರುತ್ತಿತ್ತು. ಬೆಂಕಿಗೂ ಬೆಂಕಿಗೂ ಭೇದವನ್ನು ಕಂಡವರಾರು? ಅಮೀಬದಲ್ಲಿಯಾದರೋ ಆ ಭೇದವು ಕಂಡಿತು. ಅದೇ ೨೦೦೭ರಲ್ಲಿ ಫಾಸ್ಫೊಲೈಪೇಸ್-ಎ೨ ಎಂಬ ಬೇರೊಂದು ಕಿಣ್ವದ ಮಾರ್ಗವು ಪಿಐ೩-ಕೈನೇಸಿಗೆ ಸಮಾನಾಂತರವಾಗಿ ನಡೆಯುತ್ತದೆಂದೂ, ಎರಡನ್ನೂ ಒಟ್ಟಿಗೆ ತಡೆದರೆ ಗತಿಯು ಬಹಳವಾಗಿ ಕೆಡುತ್ತದೆಂದೂ ತಿಳಿದುಬಂತು. ೨೦೦೮ರಲ್ಲಿ ಬಾಸ್‌ಗ್ರಾಫ್, ವಾನ್ ಹಾಸ್ಟರ್ಟ್ ಮೊದಲಾದವರು ತಾರತಮ್ಯದ ಇಳಿಜಾರನ್ನು ಬದಲಿಸಿ ಬದಲಿಸಿ ನೋಡಿದರು: ಇಳಿಜಾರು ಮಂದವಾಗಿರುವಲ್ಲಿ ಪಿಐ೩-ಕೈನೇಸ್ ದಿಕ್ಕನ್ನು ಹಿಡಿಯುವುದಕ್ಕೆ ನೆರವಾಗುತ್ತದೆ; ಕಡಿದಾಗಿರುವಲ್ಲಿ ಅದರ ನೆರವು ದಿಕ್ಕಿಗಲ್ಲ, ವೇಗಕ್ಕೆ. ಒಂದೇ ಹೆಸರಿನಿಂದ ಕರೆಯುತ್ತಿದ್ದ ಕಾರ್ಯವು ಎರಡಾಗಿತ್ತು. ಹಾಗಾದರೆ ಪಿಐಪಿ೩ವು ಕತ್ತೆಯಲ್ಲ, ಹುಲ್ಲು. ಸಿದ್ಧಾಂತಿಗಳ ದೋಷವು ಅದನ್ನು ಕಾರಣವೆಂದುದರಲ್ಲಿ ಇರಲಿಲ್ಲ. ಬೆಂಕಿಯೆಲ್ಲವೂ ಹುಲ್ಲಿನ ಬೆಂಕಿಯೇ ಎಂದುದರಲ್ಲಿ ಇತ್ತು.

ಇನ್ನೊಂದು ಸಾಧನವನ್ನೂ ಇಲ್ಲಿಯೇ ಪರೀಕ್ಷಿಸಬಹುದು. ೨೦೦೯ರಲ್ಲಿ ಹಾನ್ ಎಂಬವರ ಪ್ರಯೋಗಶಾಲೆಯಲ್ಲಿ, ಬೆಳಕು ಬಿದ್ದಾಗ ಮಾತ್ರ ಎಚ್ಚರಗೊಳ್ಳುವಂತೆ ರಾಕ್ ಪ್ರೋಟೀನನ್ನು ರೂಪಿಸಿದರು. ಕೋಶದ ಒಂದು ಮೂಲೆಗೆ ಬೆಳಕು ಬಿಟ್ಟರೆ ಕೋಶವು ಅತ್ತ ಚಾಚಿ ಅತ್ತಲೇ ನಡೆಯಿತು. ಇಂತಹ ಅನ್ವಯವು ಕಣ್ಣಿಗೆ ಹಬ್ಬ. ಆದರೆ ಅದರಿಂದ ಸಿದ್ಧವಾಗುವುದು ಸ್ವರೂಪಯೋಗ್ಯತೆ ಮಾತ್ರ. ಕಾಡಿನಲ್ಲಿ ನಿಂತ ಮರದ ಕೋಲಿಗೂ ಮಡಕೆಯ ಚಕ್ರವನ್ನು ತಿರುಗಿಸುವ ಯೋಗ್ಯತೆ ಇದೆ. ಇಂತಹ ಮಡಕೆಯನ್ನು ಆ ಕೋಲೇ ಮಾಡಿತೆಂಬುದು ಬೇರೆ ಮಾತು. ಸಹಜವಾದ ಗತಿಯಲ್ಲಿ ರಾಕ್ ಫಲೋಪಧಾಯಕವಾದ ಕಾರಣವೆಂಬುದಕ್ಕೆ ಬಲವಾದ ಸಾಕ್ಷ್ಯವು ಬಂದುದು ಪ್ರಯೋಗದಿಂದಲ್ಲ, ರೋಗದಿಂದ. ರಾಕ್-೨ ಎಂಬ ಪ್ರೋಟೀನಿನ ೫೭ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲವು ಬದಲಾಗಿದ್ದ ಹಸುಗೂಸೊಂದರ ವೃತ್ತಾಂತವು ೨೦೦೦ದಲ್ಲಿ ಪ್ರಕಟವಾಯಿತು. ರಕ್ತದಲ್ಲಿ ನ್ಯೂಟ್ರೋಫಿಲುಗಳಿಗೆ ಕೊರತೆಯಿರಲಿಲ್ಲ. ಆದರೆ ಅವು ಸೋಂಕಿನೆಡೆಗೆ ನಡೆಯಲಾರದೆ ಹೋದುವು. ಹುಣ್ಣಿನಲ್ಲಿ ಕೀವೇ ಕಟ್ಟಲಿಲ್ಲ, ಗಾಯವು ಮಾಯಲಿಲ್ಲ. ಕೀವನ್ನು ನಾವು ಕೊಳೆಯೆಂದು ಹೇಸುತ್ತೇವೆ. ಆ ಕೂಸಿಗೆ ಅದು ಬಾರದಿದ್ದುದೇ ಪ್ರಾಣಸಂಕಟವಾಯಿತು.

ಈಗ ನಮ್ಮ ಮೊದಲನೆಯ ಪ್ರಶ್ನೆಗೆ ಬರೋಣ. ಈ ವಾದಗಳೆಲ್ಲದರ ಅಡಿಯಲ್ಲಿ, ಯಾರೂ ಬಾಯಿಬಿಟ್ಟು ಹೇಳದ ಒಂದು ಪ್ರತಿಜ್ಞೆ ಇತ್ತು: ಸಂಕೇತವು ಮಿಥ್ಯಾಪಾದವನ್ನು ಹುಟ್ಟಿಸುತ್ತದೆ ಎಂಬುದು. ಆಂಡ್ರ್ಯೂ ಮತ್ತು ಇನ್ಸಾಲ್ ೨೦೦೭ರಲ್ಲಿಯೇ ಮಂದವಾದ ಇಳಿಜಾರಿನಲ್ಲಿ ನಡೆಯುವ ಅಮೀಬಗಳನ್ನು ತಾಳ್ಮೆಯಿಂದ ನೋಡಿ ಈ ಪ್ರತಿಜ್ಞೆಯನ್ನು ಭಂಗಿಸಿದರು. ಅಮೀಬವು ಸಂಕೇತವಿರಲಿ ಇಲ್ಲದಿರಲಿ ಪಾದಗಳನ್ನು ಚಾಚುತ್ತಲೇ ಇರುತ್ತದೆ. ಇರುವ ಪಾದವು ಕವಲೊಡೆದು ಎರಡಾಗುತ್ತದೆ. ಕವಲು ಯಾವ ಕಡೆಗೆ ಹೊರಡುವುದೆಂಬುದು ಸಂಕೇತಾಧೀನವಲ್ಲ. ಎರಡು ಕವಲುಗಳಲ್ಲಿ ಸಂಕೇತದ ಕಡೆಗೆ ಹೆಚ್ಚು ಸರಿಯಾಗಿರುವುದು ಉಳಿಯುತ್ತದೆ, ಇನ್ನೊಂದು ಹಿಂದೆಗೆಯಲ್ಪಡುತ್ತದೆ. ಸಂಕೇತವು ಇಲ್ಲಿ ಹುಟ್ಟಿಸುವುದೇನೂ ಇಲ್ಲ.

ಮೀಮಾಂಸಕರು ವಿಧಿಯನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೇರೆ ಯಾವ ಪ್ರಮಾಣದಿಂದಲೂ ಪ್ರಾಪ್ತವಲ್ಲದುದನ್ನು ವಿಧಿಸುವುದು ಅಪೂರ್ವವಿಧಿ. ಬತ್ತದ ಹೊಟ್ಟನ್ನು ಉಗುರಿನಿಂದ ಸುಲಿಯಲೂಬಹುದು, ಒನಕೆಯಿಂದ ಕುಟ್ಟಲೂಬಹುದು. ಹೀಗೆ ಒಮ್ಮೆ ಅದು ಒಮ್ಮೆ ಇದು ಪ್ರಾಪ್ತವಾಗುತ್ತಿರುವಾಗ ಕುಟ್ಟಿಯೇ ತೆಗೆಯಬೇಕೆಂದು ಕಟ್ಟುಮಾಡುವುದು ನಿಯಮವಿಧಿ. ಎರಡೂ ಏಕಕಾಲದಲ್ಲಿ ಪ್ರಾಪ್ತವಾಗಿರುವಾಗ ಒಂದನ್ನು ನಿವಾರಿಸುವುದು ಪರಿಸಂಖ್ಯಾವಿಧಿ. ಕವಲೊಡೆದ ಎರಡು ಪಾದಗಳೂ ಒಟ್ಟಿಗೆ ಇರುವಾಗ ಒಂದನ್ನು ಕಳೆಯುವ ಸಂಕೇತದ ವ್ಯಾಪಾರವು ಪರಿಸಂಖ್ಯೆಯೇ ಹೊರತು ಅಪೂರ್ವವಲ್ಲ. ಸೂಕ್ಷ್ಮವಾದ ಸೂಜಿಯ ತುದಿಯಿಂದ ಸಂಕೇತದ್ರವ್ಯವನ್ನು ಬಲವಾಗಿ ಹರಿಯಿಸಿದರೆ ಅದರ ಕಡೆಗೇ ಹೊಸದೊಂದು ಪಾದವು ಎದ್ದು ಬರುವುದೂ ಉಂಟು; ಅದನ್ನು ಅಪೂರ್ವವೆನ್ನಲು ಅಡ್ಡಿಯಿಲ್ಲ. ದಿಕ್ಸೂಚಿಯ ಮತವು ಹುಟ್ಟಿದುದು ಬಹುಮಟ್ಟಿಗೆ ಈ ಸೂಜಿಯ ಪ್ರಯೋಗಗಳಿಂದ. ಅಲ್ಲಿ ಕಂಡ ಅಪೂರ್ವವನ್ನು ಎಲ್ಲೆಡೆಗೂ ಅನ್ವಯಿಸಿದುದೇ ಅತಿವ್ಯಾಪ್ತಿಗೆ ಮೂಲವೆಂದು ತೋರುತ್ತದೆ.

ನಿಯಮವಿಧಿಗೆ ಉದಾಹರಣೆಯು ಬ್ಯಾಕ್ಟೀರಿಯದಲ್ಲಿದೆ. ಕರುಳಿನ ಈ. ಕೋಲೈ ಎಂಬುದು ಸುಮಾರು ಒಂದು ಸೆಕೆಂಡು ನೇರವಾಗಿ ಈಜಿ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಹೊರಳಾಡಿ, ಮತ್ತೆ ಹೊಸ ದಿಕ್ಕಿಗೆ ಹೊರಡುತ್ತದೆಂಬುದನ್ನು ಬರ್ಗ್ ಮತ್ತು ಬ್ರೌನ್ ೧೯೭೨ರಲ್ಲಿ ಅಳೆದು ತೋರಿಸಿದರು. ಈಜುವಿಕೆ ಹೊರಳುವಿಕೆಗಳು ಒಂದಾದಮೇಲೊಂದು ತಾವಾಗಿಯೇ ಪ್ರಾಪ್ತ. ಕೀ-ವೈ ಎಂಬ ಪುಟ್ಟ ಪ್ರೋಟೀನು ರಂಜಕವನ್ನು ಹೊತ್ತು ಬಾಲದ ಮೋಟಾರಿಗೆ ಅಂಟಿದರೆ ಹೊರಳುವಿಕೆ. ಆಕರ್ಷಕದ್ರವ್ಯವು ಹೆಚ್ಚುತ್ತಿದ್ದರೆ ಆ ರಂಜಕದ ಪೂರೈಕೆ ಕುಗ್ಗಿ, ಹೊರಳುವಿಕೆ ತಡವಾಗಿ, ಈಜು ನೀಳವಾಗುತ್ತದೆ. ಬ್ಯಾಕ್ಟೀರಿಯವು ಮುಂದು ಹಿಂದುಗಳನ್ನು ಹೋಲಿಸುವುದಿಲ್ಲ, ಈಗನ್ನೂ ತುಸು ಮುಂಚನ್ನೂ ಹೋಲಿಸುತ್ತದೆ. ಗ್ರಾಹಕಗಳಿಗೆ ಮಿಥೈಲ್ ಗುಂಪನ್ನು ಹಚ್ಚುವ, ತೆಗೆಯುವ ಎರಡು ಕಿಣ್ವಗಳ ನಿಧಾನವೇ ಅದರ ಸ್ಮೃತಿ. ಅಮೀಬಕ್ಕೂ ಇದಕ್ಕೂ ಪ್ರೋಟೀನುಗಳಲ್ಲಿ ಸಂಬಂಧವಿಲ್ಲ.

ಇನ್ನು ಕಣ್ಣಿಗೆ ಕಾಣದ ಪದಾರ್ಥವೊಂದರ ವಿಚಾರ. ಸಂಕೇತದ್ರವ್ಯವನ್ನು ಅಮೀಬದ ಸುತ್ತಲೂ ಸಮವಾಗಿ ಸುರಿದರೆ ಕ್ಷಣಕಾಲ ಪೊರೆಯೆಲ್ಲವೂ ಹಸಿರಾಗಿ ಹೊಳೆದು, ದ್ರವ್ಯವು ಇದ್ದಂತೆಯೇ ಇದ್ದರೂ ಹೊಳಪು ಆರುತ್ತದೆ. ಇದನ್ನು ವಿವರಿಸಲು ೧೯೯೯ರಿಂದ ಈಚೆಗೆ ಹೇಳಿದ ಮತವಿದು: ಗ್ರಾಹಕದಿಂದ ಎರಡು ವ್ಯಾಪಾರಗಳು ಹೊರಡುತ್ತವೆ, ಒಂದು ಬೇಗನೆ ಹುಟ್ಟಿ ಹುಟ್ಟಿದಲ್ಲಿಯೇ ಇರುವ ಉದ್ದೀಪನ, ಇನ್ನೊಂದು ನಿಧಾನವಾಗಿ ಹುಟ್ಟಿ ಕೋಶದ ತುಂಬ ಹರಡುವ ಅವರೋಧ. ಮುಂದುಗಡೆ ಉದ್ದೀಪನವು ಅವರೋಧವನ್ನು ಮೀರುತ್ತದೆ, ಹಿಂದುಗಡೆ ಅವರೋಧವು ಗೆಲ್ಲುತ್ತದೆ. ಉದ್ದೀಪನವನ್ನು ಕಂಡಿದ್ದರು; ಅವರೋಧಕವನ್ನು ಯಾರೂ ಕಂಡಿರಲಿಲ್ಲ. ಹಗಲು ಉಣ್ಣದ ದೇವದತ್ತನು ದಪ್ಪಗಿರುವುದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸುವ ಅರ್ಥಾಪತ್ತಿಯೇ ಇದು. ಅರ್ಥಾಪತ್ತಿಯು ಪ್ರಮಾಣವಾಗಬೇಕಾದರೆ ಅನ್ಯಥಾ ಉಪಪತ್ತಿಯಿಲ್ಲವೆಂದು ತೋರಿಸಬೇಕು. ಅದನ್ನು ಈ ವಿದ್ವಾಂಸರು ಮರೆಯಲಿಲ್ಲ. ಬ್ಯಾಕ್ಟೀರಿಯದಲ್ಲಿ ಆಗುವಂತೆ ಗ್ರಾಹಕವೇ ಮಾರ್ಪಟ್ಟು ಮಂದವಾಗುತ್ತದೆಯೇ? ಗ್ರಾಹಕಕ್ಕೆ ರಂಜಕ ಹತ್ತದಂತೆ ಮಾಡಿದರೂ ಕೋಶದ ಪ್ರತಿಕ್ರಿಯೆಯು ಆರುತ್ತದೆಂಬುದು ೧೯೯೭ರಲ್ಲಿಯೇ ತಿಳಿದಿತ್ತು. ಜಿ-ಪ್ರೋಟೀನು ದಣಿಯುತ್ತದೆಯೇ? ದ್ರವ್ಯವಿರುವವರೆಗೂ ಅದು ಎಚ್ಚರವಾಗಿಯೇ ಇರುತ್ತದೆಂದು ೨೦೦೧ರಲ್ಲಿ ಕಂಡಿತು. ಆದುದರಿಂದ ಅವರೋಧವು ಜಿ-ಪ್ರೋಟೀನಿನಿಂದ ಕೆಳಗೆ, ಪಿಐಪಿ೩ದಿಂದ ಮೇಲೆ ಎಲ್ಲಿಯೋ ಇರಲೇಬೇಕು. ಪರಿಶೇಷದ ಪ್ರಯೋಗವು ಇದಕ್ಕಿಂತ ಶುದ್ಧವಾಗಿ ಇರಲಾರದು.

ಆದರೆ ಇಲ್ಲೊಂದು ಆಕ್ಷೇಪವನ್ನು ಹೇಳಲೇಬೇಕು. ದೇವದತ್ತನು ರಾತ್ರಿ ಉಣ್ಣುತ್ತಾನೆಂಬುದು ಸಿದ್ಧವಾದರೂ ಅನ್ನವನ್ನೇ ಉಂಡನೋ ರೊಟ್ಟಿಯನ್ನೋ ಎಂಬುದು ಸಿದ್ಧವಾಗದು. ಅರ್ಥಾಪತ್ತಿಯು ಸಾಮಾನ್ಯವನ್ನು ಕೊಡುತ್ತದೆ, ವಿಶೇಷವನ್ನು ಕೊಡದು. ನಕ್ಷೆಗಳಲ್ಲಿ ಅವರೋಧಕವನ್ನು ಒಂದು ಚೌಕದೊಳಗೆ ಒಂದು ಅಕ್ಷರವಾಗಿ ಬರೆದುದರಿಂದ, ಅದು ಒಂದೇ ದ್ರವ್ಯವೆಂಬ, ಹರಿದಾಡುವ ಅಣುವೆಂಬ ಭ್ರಮೆಯು ಓದುಗರಲ್ಲಿ ಬೇರೂರಿತು. ೨೦೧೨ರಲ್ಲಿ ವೀನರ್ ಎಂಬವರ ತಂಡವು ನ್ಯೂಟ್ರೋಫಿಲುಗಳಲ್ಲಿ ಮುಂಚೂಣಿಯು ಒಂದೇ ಆಗಿ ಉಳಿಯಲು ಕಾರಣವಾದ ಅವರೋಧವು ಅಣುವೇ ಅಲ್ಲ, ಪೊರೆಯ ಬಿಗುಪು ಎಂದು ತೋರಿಸಿತು. ಬಿಗುಪನ್ನು ಹೆಚ್ಚಿಸಿದರೆ ಮುಂಚೂಣಿಯ ವ್ಯಾಪಾರವು ಕುಗ್ಗಿತು, ತಗ್ಗಿಸಿದರೆ ಹರಡಿತು. ಒಂದೆಡೆ ಪಾದವು ಚಾಚಿದಾಗ ಪೊರೆಯೆಲ್ಲವೂ ಬಿಗಿಯಾಗುವುದರಿಂದ ಬೇರೆಡೆ ಪಾದವು ಹೊರಡದು. ಇದು ಮುಖಬೆನ್ನುಗಳ ಭೇದವನ್ನು ಕಾಪಾಡುವ ಅವರೋಧ. ಸಮವಾದ ಸಂಕೇತಕ್ಕೆ ಹೊಳಪು ಆರುವ ಅವರೋಧವೂ ಇದೇ ಎಂದು ಹೇಳಬಾರದು. ಅಮೀಬದ ದೇವದತ್ತನೂ ನ್ಯೂಟ್ರೋಫಿಲಿನ ದೇವದತ್ತನೂ ಬೇರೆಬೇರೆ ಅಡುಗೆಯನ್ನು ಉಣ್ಣುತ್ತಿರಬಹುದು.

ಸಂಕೇತವು ಹೊರಗಡೆ ಸಿದ್ಧವಾಗಿ ನಿಂತಿದೆ, ಕೋಶವು ಅದನ್ನು ಓದುತ್ತದೆ ಎಂಬ ಭಾವನೆಗೂ ಈಚೆಗೆ ತಿದ್ದುಪಡಿ ಬಂದಿದೆ. ಇ‌ನ್ಸಾಲ್ ಮತ್ತು ಸಹಕಾರಿಗಳು ೨೦೨೦ರಲ್ಲಿ ಸಣ್ಣ ಚಕ್ರವ್ಯೂಹಗಳನ್ನು ಕೊರೆದು (ಅವುಗಳಲ್ಲೊಂದು ಲಂಡನ್ನಿನ ಬಳಿಯ ಹ್ಯಾಂಪ್ಟನ್ ಕೋರ್ಟಿನ ಬೇಲಿಯ ಚಕ್ರವ್ಯೂಹದ ಪ್ರತಿಕೃತಿ) ಆಕರ್ಷಕದ್ರವ್ಯವನ್ನು ತುಂಬಿ, ಅಮೀಬಗಳನ್ನು ಬಿಟ್ಟರು. ಅಮೀಬಗಳು ಸುತ್ತಣ ದ್ರವ್ಯವನ್ನು ತಾವೇ ಒಡೆದು ಕಳೆಯುತ್ತ ಮುಂದುವರಿದುವು. ಮುಚ್ಚಿದ ಓಣಿಯಲ್ಲಿ ದ್ರವ್ಯವು ಬೇಗ ಮುಗಿಯುತ್ತದೆ. ತೆರೆದ ಓಣಿಯಿಂದ ಹೊಸದು ಹರಿದು ಬರುತ್ತದೆ. ಹೀಗೆ ತಾವು ಮಾಡಿದ ತಾರತಮ್ಯವನ್ನೇ ತಾವು ಅನುಸರಿಸಿ, ಒಳಹೊಕ್ಕು ನೋಡದೆಯೇ ಮುಚ್ಚಿದ ದಾರಿಗಳನ್ನು ಬಿಟ್ಟು ಹೊರಬಂದುವು. ಕರ್ತೃವಿಗೂ ಕರ್ಮಕ್ಕೂ ನಾವು ಎಳೆದಿದ್ದ ಗೆರೆಯು ಇಲ್ಲಿ ಅಳಿಸಿಹೋಗುತ್ತದೆ. ಕೋಶವು ‘ನಿರ್ಧರಿಸುತ್ತದೆ’, ‘ವಾಸನೆ ಹಿಡಿಯುತ್ತದೆ’ ಎಂದು ಬರೆಯುವವರ ಮೇಲೆ ಚೈತನ್ಯಾರೋಪದ ದೋಷವನ್ನು ಹೊರಿಸುವ ವಾಡಿಕೆ ಉಂಟು. ಕರುವಿಗಾಗಿ ಸುರಿಯುವ ಹಾಲಿಗೆ ಪ್ರಯೋಜನವನ್ನು ಹೇಳಿ ಚೈತನ್ಯವನ್ನು ಹೇಳದ ಸಾಂಖ್ಯರ ಜಾಣ್ಮೆಯು ಅವರಿಗೆ ಮಾರ್ಗದರ್ಶಕವಾದೀತು. ಗೌಣಪ್ರಯೋಗವೆಂದು ತಿಳಿದು ಬರೆದರೆ ಈ ಲೇಖಕನಿಗೆ ಆಕ್ಷೇಪವಿಲ್ಲ.

ವೈದ್ಯರಿಗೆ ಈ ವಿಚಾರದಿಂದ ಆಗಬೇಕಾದುದು ಬಹಳವಿದೆ. ಬಿಳಿಯ ರಕ್ತಕಣಗಳನ್ನು ಎಲುಬಿನ ಮಜ್ಜೆಯಲ್ಲಿ ಹಿಡಿದಿಡುವ ಸಂಕೇತಕ್ಕೆ ಸಿ.ಎಕ್ಸ್.ಸಿ.ಆರ್.-೪ ಎಂಬುದು ಗ್ರಾಹಕ. ‘ವಿಮ್’ ಎಂಬ ವಿರಳವಾದ ವಂಶಾನುಗತ ರೋಗಕ್ಕೆ ಈ ಗ್ರಾಹಕದ ವಿಕಾರವು ಕಾರಣವೆಂದು ೨೦೦೩ರಲ್ಲಿ ತಿಳಿಯಿತು. ಇಲ್ಲಿ ಗ್ರಾಹಕಕ್ಕೆ ಶಕ್ತಿ ಕಡಮೆಯಾಗಿಲ್ಲ. ಅದು ಆರಬೇಕಾದಾಗ ಆರುವುದಿಲ್ಲ. ಆದುದರಿಂದ ಕಣಗಳು ಮಜ್ಜೆಯನ್ನು ಬಿಟ್ಟು ರಕ್ತಕ್ಕೆ ಬರಲಾರವು, ರೋಗಿಯು ಮತ್ತೆಮತ್ತೆ ಸೋಂಕಿಗೆ ತುತ್ತಾಗುತ್ತಾನೆ. ಆ ಗ್ರಾಹಕವನ್ನು ತಡೆಯುವ ಮಾವೊರಿಕ್ಸಾಫರ್ ಎಂಬ ಗುಳಿಗೆಗೆ ೨೦೨೪ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ರಾಕ್-೨ರ ಕೂಸಿನಲ್ಲಿ ಕೊರತೆಯಿಂದ ಗತಿಯು ನಿಂತಿತು, ಇಲ್ಲಿ ಅತಿಶಯದಿಂದ ನಿಂತಿದೆ. ಸೋಂಕುಗಳ ಬಾಧೆಯೆಂಬ ಕಾರ್ಯವು ಎರಡರಲ್ಲಿಯೂ ಒಂದೇ ಎಂದು ಕಂಡು ಕಾರಣವೂ ಒಂದೇ ಬಗೆಯೆಂದು ಊಹಿಸುವ ವೈದ್ಯನು, ತಡೆಯಬೇಕಾದುದನ್ನು ಉದ್ದೀಪಿಸಿಯಾನು.

ಕಡೆಯದಾಗಿ ಶಬ್ದವಿಚಾರ. ‘ಸಂಕೇತ’ ಎಂಬ ಶಬ್ದವನ್ನು ಇಲ್ಲಿ ಬಳಸಬಾರದೆಂದು ಕೆಲವು ವಿದ್ವನ್ಮಿತ್ರರ ವಾದ. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತ, ಅದು ಇಚ್ಛಾರೂಪವಾದುದು, ಅಣುವಿಗೆ ಇಚ್ಛೆಯೆಲ್ಲಿಯದು, ಆದುದರಿಂದ ‘ಪ್ರೇರಣೆ’ ಅಥವಾ ‘ಉದ್ದೀಪಕ’ ಎನ್ನಬೇಕು ಎಂಬುದು ಅವರ ಆಶಯ. ಈ ಲೇಖಕನು ಇದನ್ನು ಒಪ್ಪುವುದಿಲ್ಲ. ಸಂಕೇತದಲ್ಲಿ ಇಚ್ಛೆಗಿಂತಲೂ ಮುಖ್ಯವಾದ ಅಂಶವೆಂದರೆ ಸಂಬಂಧವು ಸ್ವಾಭಾವಿಕವಲ್ಲವೆಂಬುದು. ಬೆಂಕಿಯು ಎಲ್ಲರನ್ನೂ ಸುಡುತ್ತದೆ. ‘ಘಟ’ವೆಂಬ ಶಬ್ದವು ಸಂಕೇತವನ್ನು ಅರಿತವನಿಗೆ ಮಾತ್ರ ಮಡಕೆಯನ್ನು ತಿಳಿಸುತ್ತದೆ. ಹಸಿದ ಡಿಕ್ಟಿಯೋಸ್ಟೀಲಿಯಂಗೆ ಸೈಕ್ಲಿಕ್ ಎ.ಎಂ.ಪಿ.ಯು ಹೊರಗಿನಿಂದ ಬರುವ ಕರೆ. ಹೊಟ್ಟೆ ತುಂಬಿ ಬೇಟೆಯಾಡುವಾಗ ಅದೇ ಅಮೀಬವು ಬ್ಯಾಕ್ಟೀರಿಯಗಳು ಸೂಸುವ ಫೋಲಿಕ್ ಆಮ್ಲವನ್ನು ಅನುಸರಿಸುತ್ತದೆ. ಈ. ಕೋಲೈಯ ಒಳಗೆ ಅದೇ ಸೈಕ್ಲಿಕ್ ಎ.ಎಂ.ಪಿ.ಯು ಗ್ಲೂಕೋಸು ಇಲ್ಲವೆಂಬುದನ್ನು ತಿಳಿಸುತ್ತದೆ. ನಮ್ಮ ಯಕೃತ್ತಿನ ಕೋಶಗಳೊಳಗೆ ಅದು ಅಡ್ರಿನಲಿನ್ನಿನ ದೂತ. ಅದನ್ನು ಕಂಡ ಸದರ್ಲೆಂಡರಿಗೆ ೧೯೭೧ರಲ್ಲಿ ನೊಬೆಲ್ ಪಾರಿತೋಷಿಕವು ಬಂತು. ಅಣುವಿನ ರಚನೆಯನ್ನು ಎಷ್ಟು ನೋಡಿದರೂ ಅದರಲ್ಲಿ ಕರೆಯಾಗಲಿ, ಹಸಿವಾಗಲಿ, ಭಯವಾಗಲಿ ಕಾಣದು. ಗ್ರಾಹಕದ ಹಿಂದೆ ಯಾವ ಪ್ರೋಟೀನುಗಳು ಸಾಲಾಗಿ ನಿಂತಿವೆಯೋ ಅದರಿಂದ ಅರ್ಥವು ಬರುತ್ತದೆ. ಫ್ರೆಂಚ್ ವಿದ್ವಾಂಸ ಮೊನೊ ೧೯೭೦ರ ತನ್ನ ಗ್ರಂಥದಲ್ಲಿ ಈ ನಿರ್ಹೇತುಕತ್ವವನ್ನು ಜೀವದ ವ್ಯಾಪಾರಗಳ ಮುಖ್ಯ ಲಕ್ಷಣವೆಂದೇ ಎತ್ತಿ ಹೇಳಿದನು. ಉದ್ದೀಪಕವೆಂಬ ಶಬ್ದದಲ್ಲಿ ಈ ಅರ್ಥವಿಲ್ಲ; ಸಂಕೇತದಲ್ಲಿ ಇದೆ. ಬಿಡಬೇಕಾದ ಶಬ್ದವೊಂದಿದ್ದರೆ ಅದು ‘ದಿಕ್ಸೂಚಿ’.